ಕೀರ್ತನೆ ಎಂಬ ಪದ, ಮಿಷನರಿಯ ಓದು

ಕನ್ನಡ ಬೈಬಲ್ಲಿನಲ್ಲಿ ದಾವೀದನ ಹೆಸರಿಗೆ ಸಲ್ಲುವ ನೂರೈವತ್ತು ಭಕ್ತಿಗೀತೆಗಳ ಸಂಪುಟಕ್ಕೆ ‘ಕೀರ್ತನೆಗಳು’ ಎಂದು ಹೆಸರು. ಮರಾಠಿ ಬೈಬಲ್ಲಿನಲ್ಲಿ ಅದೇ ಸಂಪುಟ ‘ಸ್ತೋತ್ರಸಂಹಿತಾ’. ಹಡಪಸರದಂಥ ಊರಿನಲ್ಲಿ ನೆಲೆಸಿ ಎರಡೂ ನುಡಿಗಳ ನಡುವೆ ಬಾಳುವವರಿಗೆ ಈ ಭೇದದ ಹಿಂದಿನ ಕಾರಣ ಸುಲಭವಾಗಿ ಹೊಳೆಯುತ್ತದೆ. ಇಲ್ಲಿಯವರಿಗೆ ಕೀರ್ತನವೆಂದರೆ ಕೀರ್ತನಕಾರರು ನಿಂತು, ಅಭಂಗವೊಂದನ್ನು ಎತ್ತಿಕೊಂಡು, ಕಥೆ ಹೇಳುತ್ತ ಹಾಡುತ್ತ ಅರ್ಥ ಬಿಡಿಸುವ ಪ್ರಯೋಗ. ನಮ್ಮ ಹರಿಕಥೆಗೆ ಹತ್ತಿರದ್ದು. ಕನ್ನಡದ ಕಿವಿಗೆ ಕೀರ್ತನೆ ಹಾಡೇ. ಪುರಂದರದಾಸರದು, ಕನಕದಾಸರದು. ಹೀಬ್ರೂ ನುಡಿಯ ಪ್ರಾಚೀನ ಕಾವ್ಯಕ್ಕೆ ಈ ಪದವನ್ನು ಕೊಟ್ಟ ಗಳಿಗೆಯಲ್ಲೇ ಒಂದು ವ್ಯಾಖ್ಯಾನ ನಡೆದುಹೋಗಿದೆ: ಇದೂ ನಿಮ್ಮ ದಾಸರ ಪದಗಳ ಜಾತಿಯದೇ ಎಂದು ಓದುಗನಿಗೆ ಹೇಳಿದಂತಾಗಿದೆ. ಹಾಗಾದರೆ ದಾವೀದನ ಹಾಡನ್ನು ಕೀರ್ತನೆ ಎಂದು ಕರೆದ ಪರಂಪರೆಯವರು ನಮ್ಮ ಕೀರ್ತನೆಗಳನ್ನು ಏನೆಂದು ಓದಿದರು?

ಇದಕ್ಕೆ ಉತ್ತರ ಹುಡುಕುವ ಮುನ್ನ ಸ್ವಲ್ಪ ದೂರ ಹೋಗಿಬರಬೇಕು. ಪವಿತ್ರವೆನಿಸಿದ ಕಾವ್ಯವನ್ನು ಹೇಗೆ ಓದಬೇಕೆಂಬ ಪ್ರಶ್ನೆ ಕ್ರೈಸ್ತ ಆಚಾರ್ಯರನ್ನು ಆರಂಭದ ಶತಮಾನಗಳಿಂದಲೇ ಕಾಡಿತ್ತು. ಅವರನ್ನು ಹೆಚ್ಚು ಇಕ್ಕಟ್ಟಿಗೆ ಸಿಲುಕಿಸಿದ್ದು ‘ಪರಮಗೀತ’. ಅದು ಮೇಲ್ನೋಟಕ್ಕೆ ನಲ್ಲ ನಲ್ಲೆಯರ ಶೃಂಗಾರಕಾವ್ಯ. ದೇಹದ ವರ್ಣನೆಗೆ ಅಲ್ಲಿ ಸಂಕೋಚವೇ ಇಲ್ಲ. ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಓರಿಜೆನ್ ಅದಕ್ಕೆ ಹತ್ತು ಭಾಗಗಳ ಭಾಷ್ಯ ಬರೆದ. ವಧುವೆಂದರೆ ಸಭೆ, ಅಥವಾ ಒಬ್ಬೊಬ್ಬ ಭಕ್ತನ ಆತ್ಮ; ವರನೆಂದರೆ ಕ್ರಿಸ್ತ. ಅಕ್ಕಮಹಾದೇವಿಯನ್ನು ಓದಿ ಬೆಳೆದ ಕನ್ನಡಿಗನಿಗೆ ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ಶರಣಸತಿ ಲಿಂಗಪತಿ ಭಾವ ನಮಗೆ ಹೊಸತಲ್ಲ. ಕನಕದಾಸರ ಮುಂಡಿಗೆಗಳಂತೂ ಅರ್ಥ ಬಿಡಿಸುವವನಿಲ್ಲದೆ ನಿಲ್ಲಲಾರವು. ಓರಿಜೆನ್ ಅವುಗಳ ಮುಂದೆ ಕೂತಿದ್ದರೆ ಸಂತೋಷಪಡುತ್ತಿದ್ದನೇನೋ.

ದಾವೀದನ ಕೀರ್ತನೆಗಳ ವಿಷಯದಲ್ಲಿ ಓದು ಬೇರೆ ಬೇರೆ ದಾರಿ ಹಿಡಿಯಿತು. ನಾಲ್ಕನೆಯ ಶತಮಾನದ ಅಥನೇಸಿಯಸ್ ಮಾರ್ಸೆಲಿನಸ್ ಎಂಬವನಿಗೆ ಬರೆದ ಪತ್ರದಲ್ಲಿ ಇವು ಹಾಡುವವನ ಮನಸ್ಸಿಗೆ ಹಿಡಿದ ಕನ್ನಡಿ ಎಂಬ ಮಾತು ಬರುತ್ತದೆ: ಉಳಿದ ಗ್ರಂಥಗಳಲ್ಲಿ ಇನ್ನೊಬ್ಬರ ಮಾತು ಕೇಳುತ್ತೇವೆ, ಇಲ್ಲಿ ನಮ್ಮ ಮಾತನ್ನೇ ಆಡುತ್ತೇವೆ. ಅಗಸ್ಟೀನ್ ಅವುಗಳಲ್ಲಿ ಕ್ರಿಸ್ತನ ದನಿಯನ್ನೂ ಅವನ ಸಭೆಯ ದನಿಯನ್ನೂ ಒಟ್ಟಿಗೆ ಕೇಳಿದ. ಮೊಪ್ಸುಯೆಸ್ತಿಯಾದ ಥಿಯೊಡೋರ್ ಮಾತ್ರ, ಕಾವ್ಯ ಹುಟ್ಟಿದ ಕಾಲ, ಸಂದರ್ಭ, ನುಡಿಗಟ್ಟು ಇವನ್ನು ಬಿಟ್ಟು ಗೂಢಾರ್ಥಕ್ಕೆ ಹಾರಬಾರದೆಂದು ಹಟ ಹಿಡಿದ. ಅವನು ತೀರಿಕೊಂಡು ಶತಮಾನಕ್ಕೂ ಮೇಲೆ, 553ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಅವನನ್ನು ಖಂಡಿಸಿತು.

ಈಗ ಮಂಗಳೂರಿಗೆ ಬರೋಣ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅಲ್ಲಿಗೆ ಬಂದದ್ದು 1836ರಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದವರೆಂದು ಅವರನ್ನು ನೆನೆಯುತ್ತೇವೆ. ಅದಕ್ಕಿಂತ ದೊಡ್ಡ ಉಪಕಾರ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆ. ಕಂಪನಿ ಸರಕಾರದ ಅಧಿಕಾರಿಯಾಗಿದ್ದ ಕ್ಯಾಸಮೇಜರ್ ಅವರ ಧನಸಹಾಯದಿಂದ 1848ರಲ್ಲಿ ‘ಜೈಮಿನಿ ಭಾರತ’ ಕಲ್ಲಚ್ಚಿನಲ್ಲಿ ಹೊರಬಂತು. 1850ರಲ್ಲಿ ‘ದಾಸರ ಪದಗಳು’. ಮಠದ ಓಲೆಗಳಲ್ಲಿ, ಮನೆಯ ಹೆಂಗಸರ ಕಂಠದಲ್ಲಿ, ತಂಬೂರಿ ಹಿಡಿದು ಬರುವ ದಾಸಯ್ಯನ ಬಾಯಲ್ಲಿ ಇದ್ದ ಹಾಡು ಪುಸ್ತಕವಾದದ್ದು ಹೀಗೆ, ಅದೂ ವಿಠ್ಠಲನನ್ನು ದೇವರೆಂದು ಒಪ್ಪದವನೊಬ್ಬನ ಕೈಯಲ್ಲಿ. 1860ರಲ್ಲಿ ಮೋಗ್ಲಿಂಗ್ ಕೆಲವು ಪದಗಳನ್ನು ಜರ್ಮನಿಗೆ ಅನುವಾದಿಸಿ ಅಲ್ಲಿನ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಧರ್ಮಪ್ರಚಾರಕ್ಕೆ ಜನರ ಮನಸ್ಸು ತಿಳಿಯಬೇಕು, ಮನಸ್ಸು ತಿಳಿಯಲು ಹಾಡು ತಿಳಿಯಬೇಕು ಎಂಬುದು ಲೆಕ್ಕಾಚಾರವೆಂದೇ ಇಟ್ಟುಕೊಳ್ಳೋಣ. ಆದರೂ ಲೆಕ್ಕಾಚಾರವಷ್ಟೇ ಆಗಿದ್ದರೆ ಕಲ್ಲಚ್ಚಿನ ಮೇಲೆ ಇಷ್ಟು ಶ್ರಮ ಬೀಳುತ್ತಿರಲಿಲ್ಲ.

ಈ ಪದಗಳ ಇಂಗ್ಲಿಷ್ ಓದಿನಲ್ಲಿ ಭಿನ್ನಾಭಿಪ್ರಾಯ ಎದ್ದು ಕಾಣುತ್ತದೆ. ಚಾರ್ಲ್ಸ್ ಗೋವರ್ 1871ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾನಪದ ಗೀತೆಗಳ ಪುಸ್ತಕದಲ್ಲಿ ಕನ್ನಡ ದಾಸರ ಹಾಡುಗಳಿವೆ. ಗೋವರ್ ಮಿಷನರಿಯಲ್ಲ, ಆದರೂ ಈ ಹಾಡುಗಳಲ್ಲಿ ಏಕದೇವನ ನಂಬಿಕೆ, ಶುದ್ಧ ನೀತಿ, ಪಶ್ಚಾತ್ತಾಪ ಇವನ್ನೇ ಅರಸಿದ, ಅವೇ ಸಿಕ್ಕವು. ಎರಡು ವರ್ಷಗಳ ಬಳಿಕ ಫರ್ಡಿನೆಂಡ್ ಕಿಟೆಲ್ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬರೆದ ಲೇಖನದ ತಲೆಬರಹವೇ ಅವರನ್ನು ಕರ್ನಾಟಕದ ‘ವೈಷ್ಣವ’ ದಾಸರೆಂದು ಕರೆಯುತ್ತದೆ. ಒಂದು ವಿಶೇಷಣದಲ್ಲಿ ಎಷ್ಟು ವಿಷಯವಿದೆ! ಮತ, ಮಠ, ಮಧ್ವಸಿದ್ಧಾಂತ, ತಿರುಪತಿ, ಪಂಢರಪುರ ಇವನ್ನು ಕಳಚಿದರೆ ಪುರಂದರದಾಸರು ಉಳಿಯುವುದಿಲ್ಲ. ನನ್ನ ಮಟ್ಟಿಗೆ, ಪ್ರೀತಿಯಿಂದ ಓದಿದ ಗೋವರನಿಗಿಂತ ದೂರ ನಿಂತು ಓದಿದ ಕಿಟೆಲ್ಲರೇ ದಾಸರಿಗೆ ಹೆಚ್ಚು ನ್ಯಾಯ ಸಲ್ಲಿಸಿದರು. ಥಿಯೊಡೋರನ ಹಟ ಧಾರವಾಡ ಮಂಗಳೂರುಗಳಲ್ಲಿ ಮರುಹುಟ್ಟು ಪಡೆದಂತಿದೆ. ‘ಶಬ್ದಮಣಿದರ್ಪಣ’ (1872), ನಾಗವರ್ಮನ ‘ಛಂದೋಂಬುಧಿ’ (1875), 1894ರ ನಿಘಂಟು ಎಲ್ಲವೂ ಅದೇ ಹಟದ ಫಲ. ಅದೇ ಕಿಟೆಲ್ 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ಹಾಡಿದರು. ಬಾಸೆಲ್ ಸಭೆಗಳಲ್ಲಿ ಜರ್ಮನ್ ರಾಗಗಳಿಗೆ ಕನ್ನಡ ಮಾತು ಹೊಂದಿಸಿದ ಹಾಡುಗಳು ಮೊಳಗುತ್ತಿದ್ದ ಕಾಲವದು.

ಒಂದು ತಕರಾರು ಉಳಿಯುತ್ತದೆ. ತಮ್ಮ ಪರಮಗೀತದ ಶೃಂಗಾರಕ್ಕೆ ಆತ್ಮದ ಅರ್ಥ ಹಚ್ಚಲು ಹದಿನೈದು ಶತಮಾನಗಳಿಂದ ಹಿಂಜರಿಯದಿದ್ದ ಪರಂಪರೆ, ಗೋಪಿಯರ ಹಾಡಿಗೆ ಆ ಸೌಲಭ್ಯ ಕೊಡಲಿಲ್ಲ. ಕೃಷ್ಣಲೀಲೆಯನ್ನು ಹತ್ತೊಂಬತ್ತನೆಯ ಶತಮಾನದ ಮಿಷನರಿ ಬರಹ ಅಕ್ಷರಶಃ ಓದಿ ಅನೀತಿಯೆಂದಿತು. ತಮ್ಮ ಕಾವ್ಯಕ್ಕೆ ಓರಿಜೆನ್, ಪರರ ಕಾವ್ಯಕ್ಕೆ ಅಕ್ಷರಾರ್ಥ. ಈ ಪಕ್ಷಪಾತದ ನೆರಳು ನಮ್ಮ ಮೇಲೂ ಬಿದ್ದಿದೆಯೆಂದು ನನ್ನ ಅನುಮಾನ. ಪಠ್ಯಪುಸ್ತಕಕ್ಕೆ ಆರಿಸುವ ದಾಸರ ಪದಗಳು ಬಹುಮಟ್ಟಿಗೆ ನೀತಿಯವು, ಡಾಂಭಿಕತೆಯನ್ನು ಹಳಿಯುವಂಥವು. ಉದಯರಾಗ, ಲಾಲಿ, ಆರತಿ, ಸುಳಾದಿಗಳು ಭಜನಾಮಂಡಳಿಗಳಿಗೆ, ಮುಖ್ಯವಾಗಿ ಹೆಂಗಸರಿಗೆ ಉಳಿದವು. ಹೆಳವನಕಟ್ಟೆ ಗಿರಿಯಮ್ಮನನ್ನು ಕಾಪಾಡಿದ್ದು ಅಂಥ ಕಂಠಗಳೇ.

ಪುಣೆಯಲ್ಲಿ ಈ ಕಥೆಗೆ ಇನ್ನೊಂದು ತಿರುವಿದೆ. ಇಲ್ಲಿ ಕೆಲಸ ಮಾಡಿದ ಸ್ಕಾಟ್ಲೆಂಡಿನ ಮಿಷನರಿ ನಿಕೋಲ್ ಮ್ಯಾಕ್‌ನಿಕಲ್ 1919ರಲ್ಲಿ ನೂರೆಂಟು ಅಭಂಗಗಳನ್ನು ಇಂಗ್ಲಿಷಿಗೆ ತಂದು, ಪುಸ್ತಕದ ಹೆಸರಿನಲ್ಲಿ ಅವನ್ನು ಮರಾಠಾ ಸಂತರ ‘ಸಾಮ್ಸ್’ ಎಂದೇ ಕರೆದರು. ಕನ್ನಡದಲ್ಲಿ ದಾವೀದ ದಾಸನಾದ. ಇಲ್ಲಿ ತುಕಾರಾಮರು ದಾವೀದರಾದರು. ಅದೇ ವರ್ಷ ತೀರಿಕೊಂಡ ಕವಿ ನಾರಾಯಣ ವಾಮನ ತಿಲಕರು ತಾವು ಕ್ರಿಸ್ತನ ಬಳಿ ಬಂದದ್ದು ತುಕಾರಾಮರೆಂಬ ಸೇತುವೆಯ ಮೇಲೆ ಎಂದು ಹೇಳಿಕೊಂಡವರು. ಅವರು ಅಭಂಗಗಳನ್ನು ಬರೆದರು, ಕ್ರೈಸ್ತ ಕೀರ್ತನಗಳನ್ನು ನಡೆಸಿದರು. ಅರ್ಧಕ್ಕೆ ನಿಂತ ಅವರ ‘ಕ್ರಿಸ್ತಾಯನ’ವನ್ನು ಮುಗಿಸಿದವರು ಹೆಂಡತಿ ಲಕ್ಷ್ಮೀಬಾಯಿ. ಮೋಗ್ಲಿಂಗ್, ಕಿಟೆಲ್ ಹೊರಗಿನಿಂದ ಬಂದು ಓದಿದರು. ತಿಲಕರು ಆ ಹಾಡಿನ ಒಳಗೇ ಹುಟ್ಟಿದವರು, ಮತ ಬದಲಾದರೂ ಹಾಡನ್ನು ಬಿಟ್ಟುಕೊಡಲಿಲ್ಲ.

ಪ್ರತಿವರ್ಷ ಪುಣೆಯಿಂದ ಹೊರಡುವ ಎರಡು ಪಾಲಖಿಗಳು ಬೇರೆಯಾಗುವುದು ಹಡಪಸರದಲ್ಲಿ. ಜ್ಞಾನೇಶ್ವರರದು ದಿವೆ ಘಾಟ್ ಹತ್ತಿ ಸಾಸವಡದತ್ತ ಹೋಗುತ್ತದೆ, ತುಕಾರಾಮರದು ಸೋಲಾಪುರ ರಸ್ತೆ ಹಿಡಿದು ಲೋಣಿಯತ್ತ. ಎರಡೂ ಹೋಗುವುದು ಪುರಂದರದಾಸರ ಅಂಕಿತದಲ್ಲಿರುವ ಆ ವಿಠ್ಠಲನ ಊರಿಗೇ.