ಸೀಮೆ ಸಾಬೂನಿನ ನೊರೆ, ಹಲಸೂರಿನ ನೀರು

ದುಬೈಯಿಂದಲೋ ಸಿಂಗಪುರದಿಂದಲೋ ಬಂದ ನೆಂಟರು ಸೂಟ್‌ಕೇಸಿನ ತಳದಿಂದ ಬಟ್ಟೆ ಒಗೆಯುವ ಪುಡಿಯ ಡಬ್ಬವೊಂದನ್ನು ಹೊರತೆಗೆದರೆ, ಜೋಗುಪಾಳ್ಯದಂಥ ಬಡಾವಣೆಯ ಮನೆಗಳಲ್ಲಿ ಅದರ ಪರೀಕ್ಷೆ ನಡೆಯುವ ಕ್ರಮ ಒಂದೇ. ಬಕೆಟ್ ನೀರಿಗೆ ಎರಡು ಚಮಚ ಪುಡಿ ಹಾಕಿ ಕೈಯಾಡಿಸುವುದು, ನೊರೆ ಎಷ್ಟೆತ್ತರ ಏಳುತ್ತದೆಂದು ನೋಡುವುದು. ಏಳದಿದ್ದರೆ ಇನ್ನೆರಡು ಚಮಚ. ಆಗಲೂ ಏಳದಿದ್ದರೆ, ಫಾರಿನ್ನಿನದಾದರೇನು, ನಮ್ಮ ಸರ್ಫೇ ವಾಸಿ ಎಂಬ ತೀರ್ಪು. ನೊರೆಯೇ ಶುಭ್ರತೆಯ ಅಳತೆ ಎಂಬ ನಂಬಿಕೆ ಇಷ್ಟು ಗಟ್ಟಿಯಾಗಿ ಬೇರೂರಿದ್ದು ಹೇಗೆ ಎಂಬುದಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ.

ಸಾಬೂನು ಬರುವ ಮುನ್ನ ಇಲ್ಲಿ ಬಟ್ಟೆ ಕೊಳೆಯಾಗಿಯೇ ಇರುತ್ತಿತ್ತೆಂದೇನೂ ಅಲ್ಲ. ರೇಷ್ಮೆ, ಉಣ್ಣೆಗಳಿಗೆ ಅಂಟುವಾಳದ ಕಾಯಿ, ಹತ್ತಿ ಬಟ್ಟೆಗೆ ಚೌಳುಮಣ್ಣು ಬಳಕೆಯಲ್ಲಿದ್ದವು. ಮಡಿವಾಳರು ಬಟ್ಟೆಗಳನ್ನು ಚೌಳಿನ ನೀರಿನಲ್ಲಿ ಅದ್ದಿ, ಕುದಿಯುವ ಹಂಡೆಯ ಮೇಲೆ ಪೇರಿಸಿ ಹಬೆಯಲ್ಲಿ ಬೇಯಿಸುತ್ತಿದ್ದರು. ಇದಕ್ಕೆ ಉಬ್ಬೆ ಹಾಕುವುದು ಎಂದು ಹೆಸರು. ಚೌಳಿನಲ್ಲಿರುವ ಕ್ಷಾರ ಬಿಸಿಗೆ ಬಟ್ಟೆಯ ಎಣ್ಣೆಜಿಡ್ಡಿನೊಡನೆ ಸೇರಿ ಅಲ್ಲಿಯೇ ಒಂದಿಷ್ಟು ಸಾಬೂನನ್ನು ಹುಟ್ಟಿಸುತ್ತಿತ್ತು. ಯಾವ ಬಟ್ಟೆ ಯಾರ ಮನೆಯದೆಂದು ತಿಳಿಯಲು ಕರಿಗೇರಿನ ರಸದಲ್ಲಿ ಗುರುತು ಹಾಕುವ ಪದ್ಧತಿಯೂ ಇತ್ತು. ಆ ರಸ ತಾಗಿ ಚರ್ಮ ಕೆರಳುವುದನ್ನು ಕಂಡ ವೈದ್ಯರು ಧೋಬಿಯ ಹೆಸರನ್ನೇ ಆ ರೋಗಕ್ಕೆ ಅಂಟಿಸಿದರು!

ಬೆಂಗಳೂರು ದಂಡು ನೆಲೆಗೊಂಡದ್ದು 1809ರಲ್ಲಿ. 1864ರಲ್ಲಿ ಜೋಲಾರ್‌ಪೇಟೆಯಿಂದ ದಂಡಿಗೆ ರೈಲು ಬಂತು, ಮದರಾಸು ಬಂದರಿನಲ್ಲಿ ಇಳಿದ ಸರಕಿಗೆ ದಾರಿ ಸುಗಮವಾಯಿತು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿದರೂ, ಹಲಸೂರನ್ನೊಳಗೊಂಡ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ 1947ರವರೆಗೆ ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಯಿತು. ಪೇಟೆಯವರಿಗಿಂತ ದಂಡಿನವರಿಗೆ ವಿಲಾಯಿತಿ ವಸ್ತುಗಳ ಸಲಿಗೆ ಹೆಚ್ಚಾಗಿದ್ದುದಕ್ಕೆ ಇದೇ ಕಾರಣ. 1888ರಲ್ಲಿ ಇಂಗ್ಲೆಂಡಿನ ಲೀವರ್ ಸಹೋದರರ ಸನ್‌ಲೈಟ್ ಸೋಪಿನ ಪೆಟ್ಟಿಗೆಗಳು ಕಲ್ಕತ್ತೆಯ ಬಂದರಿಗೆ ಬಂದವು. 1895ರಲ್ಲಿ ಲೈಫ್‌ಬಾಯ್ ಬಂತು. ಅಲ್ಲಿಯತನಕ ಉಬ್ಬೆಯ ಕೆಲಸವಾಗಿದ್ದ ಒಗೆತವನ್ನು ಒಂದು ಗಟ್ಟಿ ತುಂಡಿನೊಳಗೆ ಅಡಗಿಸಿ ಮನೆಯ ಬಚ್ಚಲಿಗೆ ತಂದದ್ದು ಈ ಬಾರ್ ಸೋಪುಗಳ ಹೆಚ್ಚುಗಾರಿಕೆ.

ಅವುಗಳ ದೌರ್ಬಲ್ಯ ಬಯಲಾದದ್ದು ನೀರಿನಲ್ಲಿ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಕೂಡಿ ಮೊಸರಿನಂಥ ಗಸಿಯಾಗುತ್ತವೆ. ಆ ಗಸಿ ಬಟ್ಟೆಯ ಎಳೆಗಳಲ್ಲಿ ಕುಳಿತು ಬಿಳಿ ಪಂಚೆಯನ್ನು ಬೂದುಬಣ್ಣಕ್ಕೆ ತಿರುಗಿಸುತ್ತದೆ. ಲವಣವೆಲ್ಲ ತೀರುವ ತನಕ ಸೋಪು ಸವೆಯುತ್ತದೆಯೇ ಹೊರತು ನೊರೆ ಏಳುವುದಿಲ್ಲ. ಬಾರ್ ಸೋಪಿನ ಕಾಲದಲ್ಲಿ ನೊರೆ ಎದ್ದಿತೆಂದರೆ ಸೋಪು ಕೆಲಸಕ್ಕೆ ತೊಡಗಿತೆಂದೇ ಅರ್ಥವಾಗಿತ್ತು. ಅಂದಿನ ಮಟ್ಟಿಗೆ ಗೃಹಿಣಿಯರ ಪರೀಕ್ಷೆ ಸರಿಯಾಗಿಯೇ ಇತ್ತು.

ವಿದೇಶಿ ಸೋಪಿಗೆ ಪ್ರತಿಯಾಗಿ ಸ್ವದೇಶಿ ಪ್ರಯತ್ನಗಳೂ ನಡೆದವು. ಮೊದಲನೆಯ ಮಹಾಯುದ್ಧದಿಂದ ಜರ್ಮನಿಗೆ ಗಂಧದ ಕೊರಡು ಕಳುಹಿಸುವುದು ನಿಂತಾಗ ಮೈಸೂರು ಸರ್ಕಾರ ತಾನೇ ಎಣ್ಣೆ ಬಟ್ಟಿಯಿಳಿಸಲು ತೊಡಗಿತು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರ ಕಾಲದ ಆ ಸಾಹಸದಿಂದ ಮೈಸೂರು ಸ್ಯಾಂಡಲ್ ಸೋಪು ಹುಟ್ಟಿತು. ಆದರೆ ಅದು ಮೈಗೆ ಹಚ್ಚುವ ಸೋಪು. ಒಗೆಯುವ ಕಲ್ಲಿನ ಮೇಲೆ ಸನ್‌ಲೈಟಿಗೆ ಎದುರು ನಿಂತದ್ದು ಟಾಟಾ ಆಯಿಲ್ ಮಿಲ್ಸ್‌ನ 501 ಬಾರ್ ಸೋಪು. ಪೈಪೋಟಿಯಲ್ಲಿದ್ದ ಫ್ರೆಂಚ್ ಸೋಪಿನ ಹೆಸರು 500, ಅದಕ್ಕಿಂತ ಒಂದು ಹೆಚ್ಚಿರಲೆಂದು 501 ಎಂದಿಟ್ಟರಂತೆ.

ಪುಡಿಯ ಕಥೆಯೇ ಬೇರೆ. ಜರ್ಮನಿಯ ಹೆಂಕೆಲ್ ಸಂಸ್ಥೆ 1907ರಲ್ಲಿ ಮಾರುಕಟ್ಟೆಗೆ ತಂದ ಪರ್ಸಿಲ್‌ನಲ್ಲಿ ಸಾಬೂನಿನೊಡನೆ ಪರ್ಬೊರೇಟ್, ಸಿಲಿಕೇಟ್‌ಗಳಿದ್ದವು. ಹೆಸರೂ ಅವೆರಡರ ಮೊದಲ ಅಕ್ಷರಗಳಿಂದಲೇ ಬಂದದ್ದು. ಯುದ್ಧಕಾಲದ ಕೊಬ್ಬಿನ ಅಭಾವದಲ್ಲಿ ಜರ್ಮನಿಯ ರಸಾಯನ ವಿಜ್ಞಾನಿಗಳು ಕೊಬ್ಬಿಲ್ಲದೆ ಕೊಳೆ ತೆಗೆಯುವ ಕೃತಕ ವಸ್ತುಗಳನ್ನು ಹುಡುಕಿದರು. 1946ರಲ್ಲಿ ಅಮೆರಿಕದಲ್ಲಿ ಬಂದ ಟೈಡ್ ಆ ವಿದ್ಯೆಗೆ ಫಾಸ್ಫೇಟನ್ನು ಬೆರೆಸಿತು. ಗಡಸು ನೀರಿನ ಲವಣಗಳನ್ನು ಫಾಸ್ಫೇಟ್ ಕಟ್ಟಿಹಾಕುವುದರಿಂದ ಗಸಿಯ ಕಾಟ ತಪ್ಪಿತು.

ಭಾರತದಲ್ಲಿ 1959ರಲ್ಲಿ ಹಿಂದೂಸ್ತಾನ್ ಲೀವರ್ ಹೊರತಂದ ಸರ್ಫ್ ಬಾರ್ ಸೋಪಿನ ಕೈಗಳಿಗೆ ಬಕೆಟ್ಟಿನಲ್ಲಿ ನೆನೆಹಾಕುವುದನ್ನು ಕಲಿಸಿತು. ಯಾವ ಕಂಪನಿಯ ಪುಡಿಯಾದರೂ ಅಂಗಡಿಯಲ್ಲಿ ‘ಸರ್ಫು’ ಎಂದೇ ಕೇಳುವಷ್ಟು ಆ ಹೆಸರು ಕನ್ನಡದ್ದಾಯಿತು. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯ್ ಪಟೇಲರು ಆರಂಭಿಸಿದ ನಿರ್ಮಾ ಕಿಲೋಗೆ ಸುಮಾರು 3 ರೂಪಾಯಿಗೆ ಸಿಗತೊಡಗಿದಾಗ ಪುಡಿ ಕೂಲಿಕಾರರ ಮನೆಗೂ ಹೊಕ್ಕಿತು. ಈ ಪುಡಿಗಳಲ್ಲಿ ನೊರೆಗೂ ಕೊಳೆಗೂ ಹಿಂದಿನ ನಂಟು ಕಡಿದಿತ್ತು. ನೊರೆಯಿಲ್ಲದೆಯೂ ಕೊಳೆ ಹೋಗಬಲ್ಲುದು. ಆದರೆ ಹಳೆಯ ಪರೀಕ್ಷೆ ಮರೆಯಾಗಲಿಲ್ಲ. ಜಾಹೀರಾತುಗಳೂ ಉಕ್ಕುವ ನೊರೆಯನ್ನೇ ತೋರಿಸಿದವು.

ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರ ಸಾಮಾನಿನಲ್ಲಿ ವಿದೇಶಿ ಡಬ್ಬಗಳು ಬರತೊಡಗಿದ್ದು ಆಮದಿಗೆ ಬಿಗಿ ನಿರ್ಬಂಧವಿದ್ದ ದಿನಗಳಲ್ಲಿ. 2001ರ ಏಪ್ರಿಲ್ 1ರಂದು ಬಳಕೆವಸ್ತುಗಳ ಆಮದಿನ ಮೇಲೆ ಉಳಿದಿದ್ದ ಪ್ರಮಾಣ ಮಿತಿಗಳು ತೆರವಾದ ಮೇಲೆ ಅವು ಅಂಗಡಿಗೂ ಬಂದವು. ಇವುಗಳಲ್ಲಿ ಅನೇಕವು ಮುಂಬಾಗಿಲ ವಾಷಿಂಗ್ ಮೆಷಿನ್ನಿಗೆಂದೇ ತಯಾರಾದವು. ಆ ಯಂತ್ರದಲ್ಲಿ ನೊರೆ ಮೆತ್ತೆಯಂತೆ ಅಡ್ಡಬಂದು ಬಟ್ಟೆ ಬಿದ್ದು ಏಳುವ ಹೊಡೆತವನ್ನು ತಗ್ಗಿಸುತ್ತದೆ. ಆದ್ದರಿಂದ ನೊರೆಯನ್ನು ಬೇಕೆಂದೇ ಕಡಿಮೆ ಮಾಡಿರುತ್ತಾರೆ. ಐರೋಪ್ಯ ಡಬ್ಬಗಳ ಹಿಂಬದಿಯಲ್ಲಿ ಮೆದು, ಮಧ್ಯಮ, ಗಡಸು ನೀರುಗಳಿಗೆ ಬೇರೆ ಬೇರೆ ಅಳತೆಯ ಪಟ್ಟಿಯೂ ಇರುತ್ತದೆ. ಕಾವೇರಿ ನೀರಿಗೂ ಕೊಳವೆಬಾವಿಯ ನೀರಿಗೂ ಒಂದೇ ಚಮಚ ಹಿಡಿಯುವ ನಮ್ಮ ಮನೆಗಳಲ್ಲಿ ಆ ಪಟ್ಟಿಯನ್ನು ಓದುವವರು ವಿರಳ.

ಇನ್ನೊಂದು ಅಪಾಯ ಸೀರೆಗೆ ಸಂಬಂಧಿಸಿದ್ದು. ರಕ್ತ, ಹಾಲು, ಮೊಟ್ಟೆಯ ಕಲೆ ಕರಗಿಸಲು ಇಂಥ ಪುಡಿಗಳಲ್ಲಿ ಪ್ರೊಟೀನನ್ನು ತುಂಡರಿಸುವ ಕಿಣ್ವಗಳಿರುತ್ತವೆ. ರೇಷ್ಮೆಯೂ ಪ್ರೊಟೀನೇ. ಒಳ್ಳೆಯ ಸೀರೆಗೆ ಒಳ್ಳೆಯ ಫಾರಿನ್ ಪುಡಿ ಎಂದು ಮೈಸೂರು ರೇಷ್ಮೆಯನ್ನು ಅದರಲ್ಲಿ ನೆನೆಹಾಕಿದರೆ ಎಳೆ ಸೊರಗುತ್ತದೆ, ಹೊಳಪು ಹೋಗುತ್ತದೆ. ರೇಷ್ಮೆಗೆ ಅಂಟುವಾಳವೇ ಸರಿ ಎಂದಿದ್ದ ಅಜ್ಜಿಯರು ಕಿಣ್ವದ ಹೆಸರನ್ನೂ ಕೇಳಿದವರಲ್ಲ.

ನೊರೆಗಾಗಿ ಹಾಕಿದ ಹೆಚ್ಚುವರಿ ಎರಡು ಚಮಚ ಹೋಗುವುದೆಲ್ಲಿಗೆ? 1950ರ ದಶಕದಲ್ಲಿ ಪಶ್ಚಿಮ ಜರ್ಮನಿಯ ನದಿಗಳ ಮೇಲೆ ಕೊಳೆಯದ ನೊರೆ ಗುಡ್ಡೆಯಾಗಿ ನಿಂತಿತ್ತು. ಅಲ್ಲಿನ ಸರ್ಕಾರ 1961ರಲ್ಲಿಯೇ ಕಾನೂನು ಮಾಡಿ, ಬೇಗ ಕೊಳೆಯುವ ರಾಸಾಯನಿಕಕ್ಕೆ ಬದಲಾಗುವಂತೆ ತಯಾರಕರನ್ನು ಒತ್ತಾಯಿಸಿತು. ಹಲಸೂರು ಕೆರೆಯ ಕಡೆಯಿಂದ ಹರಿಯುವ ರಾಜಕಾಲುವೆಯ ನೀರು ಸೇರುವುದು ಬೆಳ್ಳಂದೂರು ಕೆರೆಯನ್ನು. ನಗರದ ದೊಡ್ಡ ಭಾಗದ ಚರಂಡಿ ನೀರು ಸಂಸ್ಕರಣೆಯಿಲ್ಲದೆ ಅಲ್ಲಿಗೆ ಹರಿದು, ಅದರಲ್ಲಿನ ಡಿಟರ್ಜೆಂಟ್ ಕೋಡಿಯಲ್ಲಿ ಬೀಳುವಾಗ ಕಡೆದು ನೊರೆಯಾಯಿತು; ಫಾಸ್ಫೇಟ್ ಜೊಂಡಿಗೆ ಗೊಬ್ಬರವಾಯಿತು. 2015ರಲ್ಲಿ ಆ ನೊರೆ ಗಾಳಿಗೆ ಹಾರಿ ಯಮಲೂರಿನ ಬಳಿ ರಸ್ತೆಗೆ ಬಂತು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಕಿಯೂ ಹತ್ತಿಕೊಂಡಿತು.