ಹೂವಿನ ಹೆಸರಿನಲ್ಲಿ ಉಳಿದ ಭಕ್ತಿ

ಮಧ್ಯ ಯೂರೋಪಿನ ರೈತಾಪಿ ಜನರ ಬದುಕಿನಲ್ಲಿ ಮೇ ತಿಂಗಳ 11ರಿಂದ 15ರವರೆಗಿನ ದಿನಗಳಿಗೆ ವಿಶೇಷ ಸ್ಥಾನವಿದೆ. ಸಂತ ಮಮೆರ್ತುಸ್, ಸಂತ ಪಂಕ್ರಾಸ್, ಸಂತ ಸರ್ವಾಸ್, ಸಂತ ಬೊನಿಫಾಸ್ ಹಾಗೂ ಸಂತ ಸೋಫಿಯಾ ಇವರ ಸ್ಮರಣೆ ಬರುವ ಈ ದಿನಗಳನ್ನು ಅಲ್ಲಿಯವರು ‘ಹಿಮದ ಸಂತರ’ ದಿನಗಳೆಂದು ಕರೆಯುತ್ತಾರೆ. ವಸಂತಕಾಲ ಮುಗಿಯುತ್ತ ಬಂದಿದ್ದರೂ ಒಂದೇ ರಾತ್ರಿಯ ಚಳಿಗೆ ಎಳೆಯ ಸಸಿಗಳು ಕಮರಿಹೋದದ್ದನ್ನು ಅವರ ಹಿರಿಯರು ಕಂಡಿದ್ದರು. ಆದುದರಿಂದ ಈ ಸಂತರು ದಾಟಿಹೋಗುವ ತನಕ ನಾಜೂಕಿನ ಗಿಡಗಳನ್ನು ಬಯಲಿನಲ್ಲಿ ನೆಡಬಾರದೆಂಬ ನಿಯಮವನ್ನು ಮಾಡಿಕೊಂಡರು. ಓದುಬರಹ ಅರಿಯದ ಆ ಜನರಿಗೆ ಸಂತರ ಪಟ್ಟಿಯೇ ಕೃಷಿಯ ಪಂಚಾಂಗವಾಗಿತ್ತು.

ಅವರಿಗೆ ತೋಟವೂ ಒಂದು ಧರ್ಮಗ್ರಂಥವಾಗಿತ್ತು. ಮೇ ತಿಂಗಳನ್ನು ಮಾತೆ ಮರಿಯಮ್ಮನವರಿಗೆ ಮೀಸಲಿಡುವ ಭಕ್ತಿಯು ಇಂದಿನ ರೂಪವನ್ನು ಪಡೆದದ್ದು 18ನೇ ಶತಮಾನದ ಇಟಲಿಯಲ್ಲಿ. ಆದರೆ ಹೂವಿಗೂ ಮರಿಯಮ್ಮನವರಿಗೂ ಇರುವ ನಂಟು ಅದಕ್ಕಿಂತ ಬಹಳ ಹಳೆಯದು. ಪರಮಗೀತೆಯ ನಾಲ್ಕನೇ ಅಧ್ಯಾಯದಲ್ಲಿ ವಧುವನ್ನು ಆವರಣವುಳ್ಳ ತೋಟಕ್ಕೆ ಹೋಲಿಸಲಾಗಿದೆ. ಮಧ್ಯಯುಗದ ಧರ್ಮಪಂಡಿತರು ಆ ತೋಟದಲ್ಲಿ ಕನ್ಯಾಮಾತೆಯನ್ನು ಕಂಡರು. ಚಿತ್ರಕಾರರು ಅದಕ್ಕೆ ಬಣ್ಣ ತುಂಬಿದರು. ಸುಮಾರು 1410ರಿಂದ 1420ರ ಅವಧಿಯಲ್ಲಿ ರೈನ್ ನದಿಯ ಮೇಲ್ದಂಡೆಯ ಅನಾಮಿಕ ಕಲಾವಿದನೊಬ್ಬ ಬರೆದ ‘ಸ್ವರ್ಗದ ಪುಟ್ಟ ತೋಟ’ ಎಂಬ ಚಿತ್ರ ಇಂದು ಫ್ರಾಂಕ್‌ಫರ್ಟ್ ನಗರದ ಸಂಗ್ರಹಾಲಯದಲ್ಲಿದೆ. ಗೋಡೆಯಿಂದ ಸುತ್ತುವರಿದ ತೋಟದಲ್ಲಿ ಮರಿಯಮ್ಮನವರು ಪುಸ್ತಕ ಓದುತ್ತಿದ್ದಾರೆ. ಅವರ ಸುತ್ತಲಿನ ಒಂದೊಂದು ಗಿಡವನ್ನೂ ಇಂದಿನ ಸಸ್ಯಶಾಸ್ತ್ರಜ್ಞರು ಗುರುತಿಸಬಲ್ಲಷ್ಟು ನಿಖರವಾಗಿ ಬರೆಯಲಾಗಿದೆ.

ಚಿತ್ರ ನೋಡುವ ಭಾಗ್ಯವಿಲ್ಲದ ಹಳ್ಳಿಯ ಜನ ತಮ್ಮ ಬೇಲಿಯ ಹೂಗಳಿಗೇ ಹೆಸರಿಟ್ಟರು. ಚಿನ್ನದ ಬಣ್ಣದ ಕ್ಯಾಲೆಂಡುಲ ಇಂಗ್ಲೆಂಡಿನಲ್ಲಿ ‘ಮರಿಯಳ ಚಿನ್ನ’, ಅಂದರೆ ಮೇರಿಗೋಲ್ಡ್ ಎನಿಸಿತು. ಲಿಲಿ ಆಫ್ ದ ವ್ಯಾಲಿ ಹೂವಿನ ಬಿಳಿಯ ಹನಿಗಳು ಮಾತೆಯ ಕಣ್ಣೀರಾದವು. ಫಾಕ್ಸ್‌ಗ್ಲವ್ ಆಕೆಯ ಕೈಗವಸು, ಕೊಲಂಬೈನ್ ಆಕೆಯ ಪಾದರಕ್ಷೆ, ನೀಲಿಯ ಫರ್ಗೆಟ್ ಮಿ ನಾಟ್ ಆಕೆಯ ಕಣ್ಣುಗಳಾದವು. ಮುಳ್ಳುಗಿಡವೊಂದರ ಎಲೆಯ ಬಿಳಿಗೆರೆಗಳು ಬಾಲಯೇಸುವಿಗೆ ಹಾಲೂಡುವಾಗ ತೊಟ್ಟಿಕ್ಕಿದ ಹಾಲಿನ ಗುರುತೆಂದು ತಾಯಂದಿರು ಮಕ್ಕಳಿಗೆ ಹೇಳಿದರು. ನೀರು ತರಲು ಹೋದ ಹೆಣ್ಣುಮಗಳು ದಾರಿಯ ಹೂಗಳನ್ನು ಹೆಸರಿಟ್ಟು ಕರೆದಾಗ, ತಿಳಿಯದೆಯೇ ಶುಭಸಂದೇಶದ ಒಂದೊಂದು ಘಟನೆಯನ್ನು ನೆನೆಯುತ್ತಿದ್ದಳು.

ಕಾಲಾಂತರದಲ್ಲಿ ಈ ಹೆಸರುಗಳು ಸೊರಗಿದವು. ಇಂಗ್ಲೆಂಡಿನಲ್ಲಿ 1536ರಿಂದ 1540ರವರೆಗೆ ಮಠಗಳನ್ನು ಮುಚ್ಚಲಾಯಿತು. ಮಠಗಳ ತೋಟಗಳು ಪರರ ಪಾಲಾದವು. ‘ನಮ್ಮ ಮಾತೆಯ ಮೇಲಂಗಿ’ ಎಂಬ ಗಿಡದ ಹೆಸರಿನಲ್ಲಿ ‘ನಮ್ಮ’ ಎಂಬ ಮಾತು ಕಳಚಿ, ‘ಮಹಿಳೆಯ ಮೇಲಂಗಿ’ ಎಂಬಷ್ಟೇ ಉಳಿಯಿತು. ಯಾವ ಮಹಿಳೆ ಎಂದು ಕೇಳುವವರಿಲ್ಲವಾಯಿತು. ವಿದ್ವಾಂಸರ ಭಾಷೆಯಲ್ಲೂ ಹೀಗೆಯೇ ಆಯಿತು. 16ನೇ ಶತಮಾನದ ಸಸ್ಯಗ್ರಂಥಗಳಲ್ಲಿ ‘ಮರಿಯಮ್ಮನ ಪಾದರಕ್ಷೆ’ ಎನಿಸಿದ್ದ ಆರ್ಕಿಡ್ ಹೂವು, 1753ರಲ್ಲಿ ಲಿನೇಯಸ್ ನೀಡಿದ ಹೆಸರಿನಲ್ಲಿ ವೀನಸ್ ದೇವತೆಯ ಪಾದರಕ್ಷೆಯಾಯಿತು. ಹೂವು ಮಾತ್ರ ಎಂದಿನಂತೆ ಅರಳುತ್ತಲೇ ಇತ್ತು.

ಮರೆತ ಹೆಸರುಗಳನ್ನು ಮತ್ತೆ ಮಣ್ಣಿಗಿಳಿಸಿದವರು ಅಮೆರಿಕದ ಫ್ರಾನ್ಸಿಸ್ ಕ್ರೇನ್ ಲಿಲ್ಲಿ ಎಂಬ ಮಹಿಳೆ. ಮ್ಯಾಸಚೂಸೆಟ್ಸ್ ರಾಜ್ಯದ ಕಡಲತೀರದ ವುಡ್ಸ್ ಹೋಲ್ ಗ್ರಾಮದಲ್ಲಿ ಪ್ರಸಿದ್ಧವಾದ ಸಾಗರ ಜೀವಶಾಸ್ತ್ರ ಪ್ರಯೋಗಾಲಯವಿದೆ. ಅದರ ನಿರ್ದೇಶಕರಾಗಿದ್ದ ಫ್ರಾಂಕ್ ಲಿಲ್ಲಿಯವರ ಪತ್ನಿಯಾದ ಈಕೆ ನಡುವಯಸ್ಸಿನಲ್ಲಿ ಕಥೋಲಿಕ ವಿಶ್ವಾಸವನ್ನು ಸ್ವೀಕರಿಸಿದವರು. ಅಲ್ಲಿನ ಸಂತ ಜೋಸೆಫರ ದೇವಾಲಯದ ಎದುರು ತ್ರಿಕಾಲ ಪ್ರಾರ್ಥನೆಯ ಗಂಟೆಗೋಪುರವನ್ನು ಕಟ್ಟಿಸಿಕೊಟ್ಟರು. ಅದರ ಎರಡು ಗಂಟೆಗಳಿಗೆ ಮೆಂಡೆಲ್ ಮತ್ತು ಪಾಶ್ಚರ್ ಎಂದು ವಿಜ್ಞಾನಿಗಳ ಹೆಸರನ್ನಿಟ್ಟರು. 1932ರಲ್ಲಿ ಗೋಪುರದ ಬುಡದಲ್ಲಿ, ಮಧ್ಯಯುಗದ ಹೆಸರುಗಳನ್ನು ಕಲೆಹಾಕಿ, ಆ ಹೆಸರಿನ ಗಿಡಗಳನ್ನೇ ನೆಡಿಸಿ ‘ಮರಿಯಮ್ಮನ ತೋಟ’ವನ್ನು ರೂಪಿಸಿದರು. ಅದರಿಂದ ಪ್ರೇರಿತರಾದ ಫಿಲಡೆಲ್ಫಿಯದ ಇಬ್ಬರು ಶ್ರೀಸಾಮಾನ್ಯ ವಿಶ್ವಾಸಿಗಳು, ಎಡ್ವರ್ಡ್ ಮಕ್‌ಟೇಗ್ ಮತ್ತು ಜಾನ್ ಸ್ಟೋಕ್ಸ್, 1951ರಲ್ಲಿ ಸಂಸ್ಥೆಯೊಂದನ್ನು ಆರಂಭಿಸಿ, ಮನೆಯಂಗಳಗಳಲ್ಲೂ ಇಂಥ ತೋಟಗಳನ್ನು ಮಾಡಲು ಬೇಕಾದ ಬೀಜ ಹಾಗೂ ಮಾಹಿತಿಯನ್ನು ಜನರಿಗೆ ಒದಗಿಸಿದರು.

ಇಂಥ ತೋಟ ತಾಳ್ಮೆಯನ್ನು ಕಲಿಸುತ್ತದೆ. ಫಾಕ್ಸ್‌ಗ್ಲವ್ ಬಿತ್ತಿದ ಮೊದಲ ವರ್ಷ ಬರಿಯ ಎಲೆಯನ್ನು ನೀಡಿ, ಎರಡನೆಯ ವರ್ಷ ಹೂ ಬಿಡುತ್ತದೆ. ಜೂನ್‌ನಲ್ಲಿ ಅರಳುವ ಬಿಳಿಯ ಮಡೋನ್ನಾ ಲಿಲಿಯ ಗಡ್ಡೆಯನ್ನು ಹಿಂದಿನ ಬೇಸಿಗೆಯ ಕೊನೆಯಲ್ಲಿಯೇ ನೆಡಬೇಕು. ಮೇ ತಿಂಗಳ ಕೊನೆಗೆ ನೆಡುವುದು ಚಳಿ ತಾಳದ ಸಸಿಗಳನ್ನು ಮಾತ್ರ. ವಸಂತದ ಸೊಬಗಿನ ಬಹುಭಾಗ ಹಿಂದಿನ ವರ್ಷದ ಶ್ರಮದ ಫಲ.

ನಮ್ಮ ನಾಡಿನ ಋತುಮಾನ ಬೇರೆ. ಇಲ್ಲಿ ಮೇ ತಿಂಗಳು ಬಿರುಬಿಸಿಲಿನದು. ಕರಾವಳಿಯ ಕಥೋಲಿಕ ಮಕ್ಕಳು ಬುಟ್ಟಿ ತುಂಬ ಹೂ ತಂದು ಮರಿಯಮ್ಮನವರ ಪಾದಕ್ಕೆ ಅರ್ಪಿಸುವುದು ಮಳೆ ಇಳಿಮುಖವಾಗಿ, ಭತ್ತದ ತೆನೆ ತೂಗುವ ಕಾಲದಲ್ಲಿ. ಸೆಪ್ಟೆಂಬರ್ 8ರ ಜನ್ಮೋತ್ಸವಕ್ಕೆ ಮುನ್ನ ಒಂಬತ್ತು ದಿನಗಳ ಕಾಲ. ಆ ಹೂಗಳು ದಾಸವಾಳ, ಕೇಪಳ, ಶಂಖಪುಷ್ಪ, ಚೆಂಡು ಹೂ. ಇವುಗಳಲ್ಲಿ ಚೆಂಡು ಹೂ ಮೆಕ್ಸಿಕೊ ಮೂಲದ್ದು. ಕ್ಯಾಲೆಂಡುಲದ ಬಣ್ಣವನ್ನೇ ಹೋಲುವ ಅದಕ್ಕೂ ಇಂಗ್ಲಿಷರು ಮೇರಿಗೋಲ್ಡ್ ಎಂದೇ ಹೆಸರಿಟ್ಟರು. ಹೀಗೆ ದೂರದ ಹಳ್ಳಿಗರ ಪ್ರಾರ್ಥನೆಯೊಂದು ನಮ್ಮ ಮಕ್ಕಳ ಬುಟ್ಟಿಯನ್ನೂ ಸೇರಿದೆ.

ಇಂದು ಹಬ್ಬದ ಹೂಗಳನ್ನು ಪೇಟೆಯಿಂದ ತೂಕಕ್ಕೆ ಕೊಂಡು ತರುವ ಮನೆಗಳು ಹೆಚ್ಚುತ್ತಿವೆ. ಆ ಹೂಗಳಲ್ಲಿ ಎಷ್ಟಕ್ಕೆ ನಮ್ಮ ಮಕ್ಕಳು ಹೆಸರು ಹೇಳಬಲ್ಲರು? ಇಂಗ್ಲೆಂಡಿನಲ್ಲಿ ಗಿಡಗಳು ನಾಶವಾಗಲಿಲ್ಲ, ಅವುಗಳ ಅರ್ಥವನ್ನು ಹೇಳಿಕೊಡುವವರು ಇಲ್ಲವಾದರು. ಅಂಗಳದ ಒಂದು ಮೂಲೆಯಲ್ಲಿ, ಅಂಗಳವಿಲ್ಲದವರು ಒಂದು ಕುಂಡದಲ್ಲಾದರೂ, ಈ ಮೊದಲ ಮಳೆಗೆ ಮಕ್ಕಳ ಕೈಯಿಂದಲೇ ಒಂದು ಸಸಿ ನೆಡಿಸೋಣ. ಅದರ ಹೆಸರನ್ನು ಅಜ್ಜಿಯ ಬಾಯಿಂದಲೇ ಅವರು ಕೇಳಿ ಕಲಿಯಲಿ. ಸೆಪ್ಟೆಂಬರ್ ಬರುವಷ್ಟರಲ್ಲಿ ಮಾತೆಯ ಪಾದಕ್ಕೆ ಅರ್ಪಿಸಲು ತಾವೇ ಬೆಳೆದ ಒಂದು ಹೂವು ಅವರ ಕೈಯಲ್ಲಿರಲಿ.