ಕಪಾಟು ತೆರೆದವರು ಯಾರು? ‘ಮಮ್ಮಿ ಡಿಯರೆಸ್ಟ್’ ಚಿತ್ರದಲ್ಲಿ ಕಾಣೆಯಾದ ಮಗುವಿನ ಕಣ್ಣು

‘ಮಮ್ಮಿ ಡಿಯರೆಸ್ಟ್’ (1981) ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಒಂದೇ ಮಾತನ್ನು ಒಬ್ಬರಿಂದೊಬ್ಬರು ಎರವಲು ಪಡೆದು ಹೇಳುತ್ತ ಬಂದಿದ್ದಾರೆ. ಹಾಲಿವುಡ್ ತಾರೆ ಜೋನ್ ಕ್ರಾಫರ್ಡ್ ಪಾತ್ರದಲ್ಲಿ ಫೇ ಡನವೇ ಅತಿಯಾಗಿ ನಟಿಸಿದರು, ಆ ಅತಿರೇಕ ನೋಡಿ ಜನ ನಕ್ಕರು, ಹಾಗಾಗಿ ಗಂಭೀರವಾಗಿ ತೆಗೆದ ಚಿತ್ರ ‘ಕ್ಯಾಂಪ್’ ಆಯಿತು ಎನ್ನುವುದು ಆ ಮಾತು. ಇದಕ್ಕೆ ಆಧಾರವಾಗಿ ಸೂಸನ್ ಸೊಂಟಾಗ್ 1964ರಲ್ಲಿ ‘ಪಾರ್ಟಿಸನ್ ರಿವ್ಯೂ’ನಲ್ಲಿ ಪ್ರಕಟಿಸಿದ ಕ್ಯಾಂಪ್ ಕುರಿತ 58 ಟಿಪ್ಪಣಿಗಳನ್ನು ತೋರಿಸುತ್ತಾರೆ. ನಿಜವಾದ ಕ್ಯಾಂಪ್ ತಾನು ಕ್ಯಾಂಪ್ ಎಂದು ಅರಿಯದು, ಅದು ಸೋತ ಗಾಂಭೀರ್ಯ ಎಂಬುದು ಅಲ್ಲಿನ ವಿಚಾರ. ಸೊಂಟಾಗ್ ಬಗ್ಗೆ ನನ್ನ ತಕರಾರಿಲ್ಲ. ಈ ಚಿತ್ರ ಬರುವುದಕ್ಕೆ 17 ವರ್ಷ ಮೊದಲು ಬರೆದವರನ್ನು ಇದಕ್ಕೆ ಹೊಣೆ ಮಾಡುವುದೂ ಸರಿಯಲ್ಲ. ನನ್ನ ತಕರಾರು ಅವರ ಮಾತನ್ನು ಅಳತೆಗೋಲಿನಂತೆ ಹಿಡಿದು, ಚಿತ್ರದ ಒಂದು ಶಾಟನ್ನೂ ನಿಧಾನವಾಗಿ ನೋಡದೆ ತೀರ್ಪು ಕೊಟ್ಟವರ ಮೇಲೆ. ಗಾಂಭೀರ್ಯ ಸೋತಿತು, ನಿಜ. ಎಲ್ಲಿ ಸೋತಿತು, ಯಾಕೆ ಸೋತಿತು ಎಂದು ಇವರು ಕೇಳಲೇ ಇಲ್ಲ.

ಚಿತ್ರಕ್ಕೆ ಆಧಾರವಾದ, ಜೋನ್ ಅವರ ಮಗಳು ಕ್ರಿಸ್ಟಿನಾ ಕ್ರಾಫರ್ಡ್ ತಾಯಿಯ ಕ್ರೌರ್ಯದ ಬಗ್ಗೆ 1978ರಲ್ಲಿ ಪ್ರಕಟಿಸಿದ ಪುಸ್ತಕದ ಹೂರಣ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ತಂತಿ ಹ್ಯಾಂಗರಿನ ರಾತ್ರಿಯ ದೃಶ್ಯವನ್ನಷ್ಟೇ ನೋಡೋಣ. ಈ ಚಿತ್ರದ ಬಗೆಗಿನ ಎಲ್ಲ ವಾದಗಳೂ ಕೊನೆಗೆ ಬಂದು ನಿಲ್ಲುವುದು ಅದರ ಮುಂದೆಯೇ.

ಮಗು ಮಲಗಿದೆ. ಮುಖಕ್ಕೆಲ್ಲ ಬೆಳ್ಳಗೆ ಕೋಲ್ಡ್ ಕ್ರೀಮು ಬಳಿದುಕೊಂಡ ತಾಯಿ ಕೋಣೆಗೆ ಬಂದು ಬಟ್ಟೆಯ ಕಪಾಟು ತೆರೆಯುತ್ತಾಳೆ. ಸಾಲಾಗಿ ತೂಗುವ ಫ್ರಾಕುಗಳ ಮೇಲೆ ಕೈಯಾಡಿಸುತ್ತಾಳೆ. ಆ ಗಳಿಗೆಯಲ್ಲಿ ಅವಳ ಮುಖದಲ್ಲಿರುವುದು ತೃಪ್ತಿ. ಬಟ್ಟೆ ಸುತ್ತಿದ ಮೆತ್ತನೆಯ ಹ್ಯಾಂಗರುಗಳ ನಡುವೆ, ಲಾಂಡ್ರಿಯಿಂದ ಬರುವಂಥ ಅಗ್ಗದ ತಂತಿ ಹ್ಯಾಂಗರೊಂದು ಕೈಗೆ ಸಿಗುತ್ತದೆ. ಕ್ಯಾಮೆರಾ ಆ ಮುಖದ ಮೇಲೆ ನಿಲ್ಲುತ್ತದೆ, ಬಾಯಿ ತೆರೆಯುತ್ತದೆ, ತಂತಿ ಹ್ಯಾಂಗರು ಕೂಡದೆಂಬ ಕೂಗು ಹೊರಬೀಳುತ್ತದೆ. ಆಮೇಲೆ 300 ಡಾಲರಿನ ಉಡುಪಿನ ಮಾತು, ಹೊಡೆತ, ಸ್ನಾನದ ಕೋಣೆಯ ನೆಲ, ಉಜ್ಜುವ ಪುಡಿಯ ಡಬ್ಬಿ.

ಈ ದೃಶ್ಯವನ್ನು ಧ್ವನಿ ಅಡಗಿಸಿ ಹಲವು ಸಲ ನೋಡಿದ್ದೇನೆ. ಧ್ವನಿ ಇಲ್ಲದಾಗ ಎದ್ದು ಕಾಣುವುದು ಒಂದೇ ಸಂಗತಿ: ಕೋಣೆಯೊಳಗೆ ನಾವು ಬಂದದ್ದು ತಾಯಿಯ ಜೊತೆ. ಕಪಾಟನ್ನು ಅವಳ ಜೊತೆ ತೆರೆದೆವು, ಹ್ಯಾಂಗರನ್ನು ಅವಳ ಜೊತೆ ಕಂಡೆವು. ಮಗುವಿನ್ನೂ ನಿದ್ದೆಯಲ್ಲಿರುವಾಗಲೇ, ಇನ್ನೇನಾಗುತ್ತದೆ ಎಂದು ಕಾದು ಕುಳಿತೆವು. ಆ ಕೋಣೆಯಲ್ಲಿ ಎಲ್ಲರಿಗಿಂತ ಕೊನೆಗೆ ಸುದ್ದಿ ತಿಳಿಯುವುದು ಪೆಟ್ಟು ತಿನ್ನುವ ಮಗುವಿಗೆ. ಪುಸ್ತಕದಲ್ಲಿ ಹೀಗಾಗುವುದು ಸಾಧ್ಯವೇ ಇಲ್ಲ. ಅಲ್ಲಿ ಕಥೆ ಹೇಳುವುದು ‘ನಾನು’. ನಿದ್ದೆಯಲ್ಲಿರುವ ‘ನಾನು’ ಎಚ್ಚರವಾದ ಮೇಲಷ್ಟೇ ಏನನ್ನಾದರೂ ಕಾಣಬಲ್ಲದು. ಕತ್ತಲು, ಸದ್ದು, ಅದು ಯಾಕೆಂದು ತಿಳಿಯದ ದಿಗಿಲು, ಆಮೇಲೆ ಕಾರಣ: ಸಾಕ್ಷಿಯ ಅನುಭವ ನಡೆಯುವುದು ಆ ಕ್ರಮದಲ್ಲಿ. ಚಿತ್ರಕಥೆ ಬರೆದ ನಾಲ್ವರು (ಫ್ರ್ಯಾಂಕ್ ಯಬ್ಲಾನ್ಸ್, ಫ್ರ್ಯಾಂಕ್ ಪೆರ್ರಿ, ಟ್ರೇಸಿ ಹಾಚ್ನರ್, ರಾಬರ್ಟ್ ಗೆಟ್ಚೆಲ್) ಕಾರಣವನ್ನು ಮೊದಲು ಇಟ್ಟು ದಿಗಿಲನ್ನು ಹಿಂದಕ್ಕೆ ತಳ್ಳಿದರು.

ಇದನ್ನು ನಮ್ಮ ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಹೇಳಿದರೆ ಇನ್ನೂ ಸ್ಪಷ್ಟವಾಗುತ್ತದೆ. ಪುಸ್ತಕದ ಆ ರಾತ್ರಿಯಲ್ಲಿ ಸ್ಥಾಯಿ (ನೆಲೆಯ ಭಾವ) ಭಯ. ಅದಕ್ಕೆ ಆಶ್ರಯ (ಆ ಭಾವ ಹುಟ್ಟುವ ವ್ಯಕ್ತಿ) ಮಗು, ಆಲಂಬನ (ಆ ಭಾವಕ್ಕೆ ಕಾರಣವಾಗುವುದು) ತಾಯಿ. ಈ ಮೂರರಲ್ಲಿ ಪ್ರಮಾಣ ತಪ್ಪಿದ್ದು ಏನೂ ಇಲ್ಲ. ರಾತ್ರಿ ಹೊತ್ತು ತನ್ನ ಮೇಲೆ ಎರಗುವ ದೊಡ್ಡವರನ್ನು ಕಂಡು ಮಗು ಹೆದರುವುದರಲ್ಲಿ ಅತಿಯೆಲ್ಲಿದೆ? ಚಿತ್ರದಲ್ಲಿ ಸ್ಥಾಯಿಯೇ ಬದಲಾಯಿತು, ಕ್ರೋಧವಾಯಿತು. ಅದಕ್ಕೆ ಆಶ್ರಯ ತಾಯಿ, ಆಲಂಬನ ಒಂದು ತುಂಡು ತಂತಿ. ತಂತಿಯ ಮೇಲೆ ತಿರುಗಿದ ರೌದ್ರ ರೌದ್ರವಾಗಿ ನಿಲ್ಲಲಾರದು. ಎಲ್ಲ ರಸಗಳ ಆಭಾಸವೂ ಹಾಸ್ಯಕ್ಕೆ ಎಡೆಗೊಡುತ್ತದೆ, ಅನೌಚಿತ್ಯವೇ ಅದರ ಬೇರು ಎಂದು ಅಭಿನವಗುಪ್ತ ಹೇಳಿದ್ದು ಇಂಥದ್ದನ್ನೇ. ಆದ್ದರಿಂದ ನಗು ಹುಟ್ಟಿದ್ದು ಡನವೇ ಅವರ ಗಂಟಲಿನಲ್ಲಿ ಎಂಬ ವಾದವನ್ನು ನಾನು ಒಪ್ಪಲಾರೆ. ಅವರು ಎಷ್ಟೇ ಮೆಲ್ಲಗೆ ನುಡಿದಿದ್ದರೂ ಆಶ್ರಯ ತಪ್ಪಿದ ಆ ದೃಶ್ಯದಲ್ಲಿ ರಸಾಭಾಸ ತಪ್ಪುತ್ತಿರಲಿಲ್ಲ. ಅತಿರೇಕದ ನಟನೆಯಿಂದ ಅದು ಬೇಗ ಕಣ್ಣಿಗೆ ಬಿತ್ತು, ಅಷ್ಟೆ. (ನಟಿಯ ಪರವಾಗಿ ಇನ್ನೊಂದು ಮಾತನ್ನೂ ದಾಖಲಿಸಬೇಕು. ಇದೇ ಅಭಿನಯಕ್ಕೆ ಒಂದು ಕಡೆ ರ‍್ಯಾಝಿಯವರು ಕೆಟ್ಟ ನಟಿಯ ಬಹುಮಾನ ಕೊಟ್ಟರು, ಇನ್ನೊಂದು ಕಡೆ ನ್ಯೂಯಾರ್ಕ್ ಚಿತ್ರವಿಮರ್ಶಕರ ಮತದಾನದಲ್ಲಿ ಅದು ಉತ್ತಮ ನಟಿಯ ಎರಡನೆಯ ಸ್ಥಾನಕ್ಕೆ ಬಂದಿತ್ತು. ಮೊದಲನೆಯದನ್ನು ಬಿಡದೆ ಉಲ್ಲೇಖಿಸುವವರು ಎರಡನೆಯದನ್ನು ಮರೆಯುತ್ತಾರೆ. ಆ ದೃಶ್ಯದ ಚಿತ್ರೀಕರಣದಲ್ಲಿ ದನಿ ಕಳೆದುಕೊಂಡದ್ದನ್ನೂ, ತನ್ನನ್ನು ತಡೆದು ನಿಲ್ಲಿಸಬಲ್ಲ ನಿರ್ದೇಶಕ ಇರಬೇಕಿತ್ತು ಎಂಬ ಕೊರಗನ್ನೂ ಡನವೇ ತಮ್ಮ ಆತ್ಮಕಥೆಯಲ್ಲಿ ತೋಡಿಕೊಂಡಿದ್ದಾರೆ.)

ದೃಶ್ಯದ ಕೊನೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ. ಪುಡಿ ಚೆಲ್ಲಾಡಿದ ನೆಲದ ಮೇಲೆ ಮಗು ಕುಳಿತಿದೆ. ಇದನ್ನೆಲ್ಲ ಶುಚಿ ಮಾಡು ಎಂದು ತಾಯಿ ಆಜ್ಞೆ ಮಾಡುತ್ತಾಳೆ, ಹೇಗೆ ಎಂದು ಮಗು ಕೇಳುತ್ತದೆ, ನೀನೇ ನೋಡಿಕೋ ಎಂದು ಹೇಳಿ ತಾಯಿ ಹೊರಟುಹೋಗುತ್ತಾಳೆ. ಆಮೇಲೆ ಮಗು ಒಬ್ಬಳೇ, ಏಸುವಿನ ಹೆಸರೆತ್ತಿ, ರೋಸಿಹೋದ ದೊಡ್ಡವರು ಗೊಣಗುವ ಧಾಟಿಯಲ್ಲಿ ಗೊಣಗುತ್ತಾಳೆ. ಬಾಲನಟಿ ಮಾರಾ ಹೋಬೆಲ್ ಇಡೀ ದೃಶ್ಯದಲ್ಲಿ ಮನಮುಟ್ಟುವಂತೆ ಅಭಿನಯಿಸಿದ್ದಾಳೆ. ಈ ಕೊನೆಯ ಮಾತನ್ನು ಅವಳ ಬಾಯಿಗೆ ಹಾಕಿದ್ದು ಬರೆದವರು. ಚಿತ್ರ ತನಗರಿವಿಲ್ಲದೆ ನಗೆಪಾಟಲಾಯಿತು ಎನ್ನುವವರು ಈ ಮಾತನ್ನು ಏನೆಂದು ವಿವರಿಸುತ್ತಾರೆ? ಪ್ರೇಕ್ಷಕರ ಬಿಗಿ ಸಡಿಲಿಸಲು ಬೇಕೆಂದೇ ಇಟ್ಟ ಮಾತು ಅದು. ಪೆಟ್ಟು ತಿಂದ ಮಗುವನ್ನೇ ಮೊದಲು ನಗಲು ದಾರಿ ಮಾಡಿಕೊಡುವವಳನ್ನಾಗಿ ಮಾಡಿದರು. ಇದನ್ನು ಮುಗ್ಧ ಸೋಲು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ನಿರ್ದೇಶಕ ಪೆರ್ರಿಗೆ ಬೇರೆ ದಾರಿ ಗೊತ್ತಿರಲಿಲ್ಲ ಎನ್ನುವಂತೆಯೂ ಇಲ್ಲ. ‘ಡೇವಿಡ್ ಅಂಡ್ ಲೀಸಾ’ (1962) ಮನಸ್ಸು ನೊಂದ ಇಬ್ಬರು ಎಳೆಯರನ್ನು ಅವರ ಪಕ್ಕದಲ್ಲೇ ಕುಳಿತು ನೋಡಿದ ಚಿತ್ರ. ‘ಡೈರಿ ಆಫ್ ಎ ಮ್ಯಾಡ್ ಹೌಸ್‌ವೈಫ್’ (1970) ಗಂಡನ ದರ್ಪವನ್ನು ಹೆಂಡತಿಯ ಕಣ್ಣಿಂದಲೇ ತೋರಿಸುತ್ತದೆ. ಎರಡಕ್ಕೂ ಚಿತ್ರಕಥೆ ಬರೆದವರು ಅವರ ಆಗಿನ ಪತ್ನಿ ಎಲಿನರ್ ಪೆರ್ರಿ. 1981ರ ಹೊತ್ತಿಗೆ ಅವರು ಜೊತೆಯಲ್ಲಿರಲಿಲ್ಲ. ನೊಂದವರ ಪಕ್ಕದಲ್ಲಿ ಕ್ಯಾಮೆರಾ ಇಡುವ ಗುಣ ಆ ಎರಡು ಚಿತ್ರಗಳಿಗೆ ಯಾರಿಂದ ಬಂದಿತ್ತು ಎಂಬ ಪ್ರಶ್ನೆಗೆ ನನ್ನ ಉತ್ತರ ಊಹೆಯೇ ಆದರೂ ಅದನ್ನು ಅಡಗಿಸಿಡುವುದಿಲ್ಲ: ಬರಹಗಾರ್ತಿಯಿಂದ.

ಮಗುವಿನ ಕಣ್ಣು ಕೈಬಿಟ್ಟದ್ದು ಹ್ಯಾಂಗರಿನ ರಾತ್ರಿಯಲ್ಲಿ ಮಾತ್ರವೂ ಅಲ್ಲ. ಚಿತ್ರ ಶುರುವಾಗುವುದೇ ಬೆಳಗಿನ ನಾಲ್ಕಕ್ಕೆ ಬಡಿಯುವ ಅಲಾರಂನಿಂದ. ಕುದಿಯುವಂಥ ನೀರಿನಲ್ಲಿ ಕೈ ತಿಕ್ಕಿ ತೊಳೆಯುವುದು, ಮಂಜುಗಡ್ಡೆಯಲ್ಲಿ ಮುಖ ಅದ್ದುವುದು, ಕಾರಿನಲ್ಲಿ ಕುಳಿತು ಅಭಿಮಾನಿಗಳ ಫೋಟೊಗಳಿಗೆ ಸಹಿ ಹಾಕುವುದು, ಕೊನೆಗೆ ಸ್ಟುಡಿಯೊದಲ್ಲಿ ಮೊದಲ ಬಾರಿಗೆ ಪೂರ್ಣ ಮುಖ. ಸೊಗಸಾದ ಆರಂಭ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹೊತ್ತಿಗೆ ಕ್ರಿಸ್ಟಿನಾ ಆ ಮನೆಗೇ ಬಂದಿರಲಿಲ್ಲ. ಎಂಜಿಎಂನ ಲೂಯಿ ಬಿ. ಮೇಯರ್ ಎದುರಿನ ಅವಮಾನ, ಪೆಪ್ಸಿ ಕಂಪನಿಯ ಆಡಳಿತ ಮಂಡಳಿಯ ಸಭೆಯಲ್ಲಿ ಮೇಜು ಗುದ್ದಿ ನುಡಿಯುವ ಪ್ರಸಂಗ, ಇವೂ ಮಗಳು ಕಂಡಿರಲಾರದ ದೃಶ್ಯಗಳು. ಪ್ರೇಕ್ಷಕರು ತಾಯಿಯ ಪಕ್ಷ ವಹಿಸುವುದು ಇಂಥಲ್ಲೆಲ್ಲ. ಜೀವನಚಿತ್ರ ಎಂದ ಮೇಲೆ ತಾರೆಯ ಬದುಕು ಬರಲೇಬೇಕಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಹಾಗಿದ್ದರೆ ಅದನ್ನು ಜೋನ್ ಕ್ರಾಫರ್ಡ್ ಅವರ ಜೀವನಚಿತ್ರ ಎಂದೇ ತೆಗೆಯಬೇಕಿತ್ತು. ಮಗಳ ಸಾಕ್ಷ್ಯದ ಹೆಸರಿಟ್ಟು, ಅವಳ ಪಾಲಿನ ನೋಟವನ್ನು ತಾಯಿಗೆ ಕೊಡುವುದು ಬೇರೆಯೇ ವ್ಯವಹಾರ.

ಕ್ಯಾಂಪ್ ವಾದಿಗಳ ಇನ್ನೊಂದು ಮೆಚ್ಚಿನ ಆಧಾರ ಜಾಹೀರಾತು. ಬಿಡುಗಡೆಯಾದ ಕೆಲವೇ ವಾರಗಳಲ್ಲಿ, ಜನ ಪರದೆಯತ್ತ ಮಾತು ಕೂಗಿ ನಗುತ್ತಿದ್ದುದನ್ನು ಕಂಡ ಪ್ಯಾರಮೌಂಟ್, ಹ್ಯಾಂಗರನ್ನೇ ಮುಂದಿಟ್ಟು ಹೊಸ ಜಾಹೀರಾತು ಹೊರಡಿಸಿತು. ಇಷ್ಟು ಹೇಳಿ ಅವರು ಕಥೆ ಮುಗಿಸುತ್ತಾರೆ. ನಿರ್ಮಾಪಕ ಯಬ್ಲಾನ್ಸ್ ಆ ಜಾಹೀರಾತಿನ ವಿರುದ್ಧ ದಾವೆ ಹೂಡಿದರು ಎಂಬುದನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. ಅದೇ ಕಂಪನಿಗೆ ಕೆಲವು ವರ್ಷ ಹಿಂದೆ ಅಧ್ಯಕ್ಷರಾಗಿದ್ದವರು, ಚಿತ್ರಕಥೆಯಲ್ಲಿ ಪಾಲು ಇದ್ದವರು ಕೋರ್ಟಿಗೆ ಹೋದದ್ದು ಸಣ್ಣ ಸಂಗತಿಯಲ್ಲ. ತಾವು ಮಾಡಿದ್ದು ಗಂಭೀರ ಕೃತಿ ಎಂದು ಅವರು ನಂಬಿದ್ದರು. ನಂಬಿಕೆ ಪ್ರಾಮಾಣಿಕವೇ ಇರಬಹುದು. ಜಾಹೀರಾತು ಎತ್ತಿಕೊಂಡದ್ದು ಮಾತ್ರ ಅವರೇ ಚಿತ್ರದ ನಡುವೆ ನಿಲ್ಲಿಸಿದ ವಸ್ತುವನ್ನು.

ಇದಕ್ಕೆಲ್ಲ ಎದುರಾಗಿ, ಜಾನ್ ವಾಟರ್ಸ್ 2006ರ ಡಿವಿಡಿಗಾಗಿ ಚಿತ್ರದ ಉದ್ದಕ್ಕೂ ಆಡಿದ ವ್ಯಾಖ್ಯಾನವೊಂದಿದೆ. ಪಾಂಡಿತ್ಯದ ಬರಹಗಳು ಅದನ್ನು ಆಕರವೆಂದು ಎಣಿಸಿದ್ದು ಕಡಿಮೆ. ಅಭಿರುಚಿಗೆಟ್ಟ ಚಿತ್ರಗಳಿಗೇ ಹೆಸರಾದ ನಿರ್ದೇಶಕ ಅವರು. ಅಂಥವರೇ, ಇದು ಕೆಟ್ಟದ್ದೆಂದೇ ರುಚಿಸುವ ಚಿತ್ರವಲ್ಲ, ನಿಜಕ್ಕೂ ಒಳ್ಳೆಯ ಚಿತ್ರ ಎಂದು ವಾದಿಸುತ್ತಾರೆ. ಅವರ ಜೊತೆ ನಾನು ಅರ್ಧ ದಾರಿ ಹೋಗಬಲ್ಲೆ. ಈ ಚಿತ್ರದೊಳಗೆ ಒಂದು ಒಳ್ಳೆಯ ಚಿತ್ರವಿದೆ, ಅದು ಸದ್ದಿಲ್ಲದ ದೃಶ್ಯಗಳಲ್ಲಿದೆ. ಈಜುಕೊಳದಲ್ಲಿ ತಾಯಿ ಪುಟ್ಟ ಮಗಳ ಜೊತೆ ಪಂದ್ಯಕ್ಕಿಳಿದು, ಗೆದ್ದು, ನಾನು ನಿನಗಿಂತ ದೊಡ್ಡವಳು, ಯಾವಾಗಲೂ ನಾನೇ ಗೆಲ್ಲುವುದು ಎಂದು ನಗುತ್ತಾಳೆ. ಹುಟ್ಟುಹಬ್ಬಕ್ಕೆ ಬಂದ ಉಡುಗೊರೆಗಳಲ್ಲಿ ಒಂದನ್ನು ಆರಿಸಿಕೋ, ಉಳಿದವು ಅನಾಥ ಮಕ್ಕಳಿಗೆ ಎನ್ನುತ್ತಾಳೆ. ಅಲ್ಲಿ ಕ್ಯಾಮೆರಾ ಹುಡುಗಿಯ ಹತ್ತಿರ ಇದೆ, ನಗುವಿಗೆ ಜಾಗವೇ ಇಲ್ಲ.

ಹೊರಗಿನ ಸಾಕ್ಷಿಗಳು ಹೇಳುವುದೂ ಈ ಸದ್ದಿಲ್ಲದ ಕ್ರೌರ್ಯವನ್ನೇ. ನಟಿ ಜೂನ್ ಆಲಿಸನ್ 1982ರ ಆತ್ಮಕಥೆಯಲ್ಲಿ, ಗೆಳತಿಯ ಹುಟ್ಟುಹಬ್ಬಕ್ಕೆ ಹೊರಡಬೇಕಿದ್ದ ಕ್ರಿಸ್ಟಿನಾಳನ್ನು ಶಿಕ್ಷೆಯೆಂದು ಮನೆಯಲ್ಲೇ ಕೂರಿಸಿದ್ದನ್ನು ಕಂಡದ್ದಾಗಿ ಬರೆದಿದ್ದಾರೆ. ಹೆಲನ್ ಹೇಯ್ಸ್ ಕೂಡ ಆ ತಾಯ್ತನದ ಕಠಿಣತೆಯ ಬಗ್ಗೆ ನೊಂದು ಬರೆದಿದ್ದಾರೆ. ಇದಕ್ಕೆ ವಿರುದ್ಧವಾಗಿ ಮಿರ್ನಾ ಲಾಯ್ ಜೋನ್ ಪರ ನಿಂತರು, ಕ್ರಿಸ್ಟಿನಾಳ ತಂಗಿಯರಾದ ಅವಳಿ ಕ್ಯಾಥಿ ಮತ್ತು ಸಿಂಡಿ ಪುಸ್ತಕದ ಆರೋಪಗಳನ್ನು ಅಲ್ಲಗಳೆದರು. ಅವಳಿಗಳು ಹುಟ್ಟಿದ್ದು 1947ರಲ್ಲಿ, ಕ್ರಿಸ್ಟಿನಾ 1939ರಲ್ಲಿ. ಅವರು ಕಂಡ ತಾಯಿ ಬೇರೆಯವಳಾಗಿದ್ದಿರಬಹುದು ಎನ್ನಲು ಎಂಟು ವರ್ಷದ ಅಂತರ ಸಾಕು. ಇವರಿಬ್ಬರನ್ನೂ ಚಿತ್ರ ಪೂರ್ತಿ ಅಳಿಸಿಹಾಕಿತು. ಎದುರು ಸಾಕ್ಷಿಯನ್ನು ಕರೆಸದ ವಿಚಾರಣೆಯನ್ನು ಯಾರು ನಂಬುತ್ತಾರೆ? ನೋಟವನ್ನು ಕಸಿದದ್ದು ಮೊದಲನೆಯದಾದರೆ, ಕ್ರಿಸ್ಟಿನಾಗೆ ಚಿತ್ರದಿಂದ ಆದ ಎರಡನೆಯ ಅನ್ಯಾಯ ಇದು.

ಮೂರನೆಯದು ಉಯಿಲು. ಜೋನ್ 1976ರ ಅಕ್ಟೋಬರಿನಲ್ಲಿ ಬರೆಸಿದ ಉಯಿಲಿನಲ್ಲಿ ಅವಳಿಗಳಿಗೆ ತಲಾ 77,500 ಡಾಲರ್ ಇತ್ತು. ಕ್ರಿಸ್ಟಿನಾ, ಅವಳ ತಮ್ಮ ಕ್ರಿಸ್ಟಫರ್ ಇಬ್ಬರಿಗೂ ಏನೂ ಇಲ್ಲ, ಕಾರಣ ಅವರಿಗೇ ಗೊತ್ತು ಎಂಬ ಒಕ್ಕಣೆ ಮಾತ್ರ. ಇಬ್ಬರೂ ಮೊಕದ್ದಮೆ ಹೂಡಿದರು, 55,000 ಡಾಲರಿಗೆ ರಾಜಿಯಾಯಿತು. ಪುಸ್ತಕ ಆಸ್ತಿ ತಪ್ಪಿದ ಸಿಟ್ಟಿನ ಫಲ ಎನ್ನುವವರು ಈ ಒಕ್ಕಣೆಯನ್ನೇ ಹಿಡಿದಿದ್ದಾರೆ. ಚಿತ್ರ ಮುಗಿಯುವುದು ಎಲ್ಲಿ? ಉಯಿಲು ಓದಿಸಿಕೊಂಡ ಕ್ರಿಸ್ಟಫರ್, ಕೊನೆಯ ಮಾತು ಯಾವತ್ತೂ ಅಮ್ಮನದೇ ಎನ್ನುತ್ತಾನೆ. ಹೌದೇ ಎಂದು ಕೇಳಿ ಕ್ರಿಸ್ಟಿನಾ ನಿಧಾನವಾಗಿ ಕಣ್ಣೆತ್ತುತ್ತಾಳೆ. ಪುಸ್ತಕದ ಆಲೋಚನೆ ಮೊಳೆತದ್ದು ಅಲ್ಲಿಯೇ ಎಂಬ ಸೂಚನೆ ಕೊಟ್ಟು ಚಿತ್ರ ಮುಗಿಯುತ್ತದೆ. ಅವಳನ್ನು ಸಮರ್ಥಿಸಲೆಂದು ತೆಗೆದ ಶಾಟು ಅದು. ಅವಳ ವೈರಿಗಳ ವಾದಕ್ಕೆ ಅದಕ್ಕಿಂತ ಅನುಕೂಲವಾದ ಶಾಟು ಇನ್ನೊಂದಿಲ್ಲ.

ಆ ಕಾಲದ ಸಂದರ್ಭವನ್ನು ಮರೆತು ಈ ನಷ್ಟವನ್ನು ಅಳೆಯಲಾಗದು. ಹೆನ್ರಿ ಕೆಂಪ್ ಮತ್ತು ಸಂಗಡಿಗರು 71 ಆಸ್ಪತ್ರೆಗಳಿಂದ 302 ಪ್ರಕರಣಗಳನ್ನು ಕಲೆಹಾಕಿ, ಪೆಟ್ಟು ತಿಂದ ಮಕ್ಕಳ ಲಕ್ಷಣಗಳಿಗೆ ವೈದ್ಯಕೀಯ ಹೆಸರೊಂದನ್ನು ಕೊಟ್ಟದ್ದು 1962ರಲ್ಲಿ. ಅಮೆರಿಕದ ಒಕ್ಕೂಟ ಸರ್ಕಾರ ಮಕ್ಕಳ ಮೇಲಿನ ದೌರ್ಜನ್ಯ ತಡೆಗೆ ಕಾಯಿದೆ ತಂದದ್ದು 1974ರಲ್ಲಿ. ವೈದ್ಯರ ವರದಿಯಲ್ಲಿ ಎಲುಬು ಮುರಿತವಾಗಿ, ಕಾಯಿದೆಯಲ್ಲಿ ಕಲಮಾಗಿ ಇದ್ದದ್ದು ಬೆಳೆದು ದೊಡ್ಡವಳಾದ ಮಗಳೊಬ್ಬಳ ಸ್ವಂತ ದನಿಯಾಗಿ ಮನೆಮನೆ ತಲುಪಿದ್ದು 1978ರ ಈ ಪುಸ್ತಕದಿಂದ. ಮೂರೇ ವರ್ಷದಲ್ಲಿ ಆ ದನಿ ಸಭಾಂಗಣದವರೆಲ್ಲ ಒಟ್ಟಾಗಿ ಕೂಗುವ ಸಾಲಾಯಿತು, ಅದೂ ತಾಯಿಯ ಸಾಲು. ಕ್ರಿಸ್ಟಿನಾ ಚಿತ್ರವನ್ನು ಒಪ್ಪಲಿಲ್ಲ. ಪುಸ್ತಕ ಬಂದ ಇಪ್ಪತ್ತು ವರ್ಷಗಳ ಬಳಿಕ, ಮೊದಲ ಮುದ್ರಣದಲ್ಲಿ ಕತ್ತರಿಸಿದ್ದ ಸುಮಾರು ನೂರು ಪುಟಗಳನ್ನು ಸೇರಿಸಿ ತಮ್ಮ ಸ್ವಂತ ಪ್ರಕಾಶನದಿಂದಲೇ ಪುಸ್ತಕವನ್ನು ಮತ್ತೆ ತಂದರು. ಚಿತ್ರದ ಬಗ್ಗೆ ಬರೆಯುವವರು ಈಗಲೂ ಹಳೆಯ ಮುದ್ರಣವನ್ನೇ ಕೈಯಲ್ಲಿ ಹಿಡಿದಿರುತ್ತಾರೆ.

ಸದ್ದಿಲ್ಲದ ಇನ್ನೊಂದು ದೃಶ್ಯ ಬಾಕಿಯಿದೆ. ಊಟದ ತಟ್ಟೆಯಲ್ಲಿ ಅರೆಬೆಂದ ಮಾಂಸದ ತುಂಡು, ಅದರಿಂದ ಇಳಿದ ರಕ್ತ. ಮಗು ತಿನ್ನಲೊಲ್ಲದು. ತಿನ್ನದೆ ಏಳುವಂತಿಲ್ಲ. ಎಲ್ಲರೂ ಎದ್ದು ಹೋಗುತ್ತಾರೆ, ಉದ್ದನೆಯ ಮೇಜಿನಲ್ಲಿ ಮಗು ಒಬ್ಬಳೇ ಉಳಿಯುತ್ತಾಳೆ, ಮರುದಿನ ಅದೇ ತಟ್ಟೆ, ಅದೇ ತುಂಡು ಮತ್ತೆ ಎದುರಿಗೆ ಬರುತ್ತದೆ. ಯಾರೂ ಯಾರನ್ನೂ ಮುಟ್ಟುವುದಿಲ್ಲ. ಒಟ್ಟಾಗಿ ಕೂಗಲು ಆ ದೃಶ್ಯದಲ್ಲಿ ಒಂದು ಸಾಲೂ ಇಲ್ಲ.